ಎಣ್ಣೆ ಹೋದ ದಾರಿ

ವಾಡಿ
14 ಡಿಸೆಂಬರ್ 2025, ರವಿವಾರ

ಪ್ರೀತಿಯ ಕಪಿಲಣ್ಣಾ,

ಜೈ ಭೀಮ್. ಹೇಗಿದ್ದೀಯ? ಚಳಿ ಬಿದ್ದ ಕೂಡಲೇ ನಿನಗೆ ಹತ್ತುವ ಒಣಕೆಮ್ಮು ಈ ಸಲವೂ ಬಂದಿದೆಯೋ ಹೇಗೆ? ಸೊಲ್ಲಾಪುರದಲ್ಲಿ ನೀನು ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕಡೆ ಇದ್ದೀಯ ಎಂದು ಬಂದೇನವಾಜ್ ಹೇಳಿದ ದಿನದಿಂದ ನನಗೆ ಅದೇ ಚಿಂತೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಮಶೀನಿನ ಮುಂದೆ ನಿಲ್ಲಬೇಡ. ರೊಟ್ಟಿ ಸಿಗುತ್ತದೋ, ಇಲ್ಲ ಪಾವ್ ತಿಂದುಕೊಂಡೇ ದಿನ ತಳ್ಳುತ್ತೀಯೋ, ಇದನ್ನೆಲ್ಲ ಅವ್ವ ನನ್ನನ್ನು ಕೇಳುತ್ತಾಳೆ. ನಾನು ಯಾರನ್ನು ಕೇಳಲಿ? ನಿನ್ನ ಹಳೆಯ ನಂಬರ್ ಬಂದ್ ಆಗಿದೆ. ಹೊಸ ನಂಬರನ್ನು ಬಂದೇನವಾಜ್ ಏನು ಮಾಡಿದರೂ ಕೊಡಲಿಲ್ಲ. ನೀನು ಅವನಿಂದ ಆಣೆ ಮಾಡಿಸಿಕೊಂಡಿದ್ದೀಯಂತೆ, ಗೆಳೆಯ ಮಾತು ಉಳಿಸಿಕೊಂಡ. ಆದರೆ ವಿಳಾಸ ಹೇಳಬಾರದೆಂದು ನೀನು ಅವನಿಗೆ ಹೇಳಿರಲಿಲ್ಲವಲ್ಲ, ಅದನ್ನು ಕೇಳಿ ಬರೆದುಕೊಂಡೆ. ಅದಕ್ಕೇ ಈ ಕಾಗದ. ನಡುವೆ ಸಿಟ್ಟು ಬಂದರೂ ಮಡಚಿ ಇಡದೆ ಕಡೆಯವರೆಗೂ ಓದು.

ನಾವು ಇಲ್ಲಿ ಎಲ್ಲರೂ ಇದ್ದೇವೆ. ಅವ್ವನಿಗೆ ಸೊಂಟದ ನೋವು ಜಾಸ್ತಿ, ಬಾಯಿ ಮಾತ್ರ ಮೊದಲಿನಷ್ಟೇ ಗಟ್ಟಿ. ಈ ವರ್ಷ ತೊಗರಿ ಚೆನ್ನಾಗಿ ಕಾಯಿ ಕಟ್ಟಿದೆ, ಎಳ್ಳ ಅಮವಾಸ್ಯೆಗೆ ಭಜ್ಜಿ ಮಾಡಲು ಹಸಿಕಾಳು ಈಗಿನಿಂದಲೇ ಕೂಡಿಸುತ್ತಿದ್ದಾಳೆ. ಡಿಸೆಂಬರ್ ಆರರಂದು ವಿಹಾರದಲ್ಲಿ ಎಲ್ಲರೂ ಮೇಣದಬತ್ತಿ ಹಚ್ಚಿದಾಗ ಅವ್ವ ನಿನ್ನ ಪಾಲಿನದೂ ಒಂದು ಹಚ್ಚಿದಳು. ಅಪ್ಪ ಕೋಲು ಹಿಡಿದು ಓಡಾಡುತ್ತಾನೆ. ಬಲಗಾಲಿನ ಮೊಣಕಾಲು ಇನ್ನು ಮಡಚುವುದಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟಿದ್ದಾರೆ, ನೋವು ಮಾತ್ರ ಕಡಿಮೆಯಾಗಿದೆ. ನಾನು ಶಹಾಬಾದಿನ ಅದೇ ಕಾಟಾದಲ್ಲಿ ಲಾರಿ ತೂಗುವ ಕೆಲಸದಲ್ಲಿದ್ದೇನೆ. ನನ್ನ ಮದುವೆಯ ಮಾತು ಬಂದಾಗಲೆಲ್ಲ ಅಣ್ಣ ಬರಲಿ ಎಂದು ಎಲ್ಲರ ಬಾಯಿ ಮುಚ್ಚಿಸುತ್ತೇನೆ. ನೀನು ಇಲ್ಲದ್ದರಿಂದ ನನಗೆ ಆದ ಲಾಭ ಅದೊಂದೇ. ಆ ಲಾಭವೂ ಈಗ ಸಾಕಾಗಿದೆ.

ಬಂದೇನವಾಜ್ ಕಲ್ಲು ಇಳಿಸಲು ನಿಮ್ಮ ಅಂಗಳಕ್ಕೆ ಬಂದಾಗ ನೀನು ಮೊದಲು ಮುಖ ತಿರುಗಿಸಿದೆಯಂತೆ. ಆಮೇಲೆ ಅವನು ಹೊರಡುವ ಹೊತ್ತಿಗೆ ಹಿಂದಿನಿಂದ ಬಂದು, ನಂಬರ್ ಕೊಡುವ ಮೊದಲು ಒಂದೇ ಮಾತು ಕೇಳಿದೆಯಂತೆ, "ಅಪ್ಪನ ಕಾಲು ಹ್ಯಾಂಗದ?" ಎಂದು. ಅದನ್ನು ಅವನು ಹೇಳಿದಾಗ ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ, ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು.

ಆ ದಿನದ ಮಾತು ತೆಗೆಯದೆ ಈ ಕಾಗದ ಮುಂದೆ ಹೋಗುವುದಿಲ್ಲ. ನಿನಗೆ ಅದು ಕಣ್ಣು ಮುಚ್ಚಿದರೂ ಕಾಣುತ್ತಿರಬೇಕು. ಆದರೂ ನಮಗೆ ಗೊತ್ತಿದ್ದಷ್ಟನ್ನು ಬರೆಯುತ್ತೇನೆ. ಚಿತ್ತಾಪುರ ಕಡೆಯ ಖಣಿಯಲ್ಲಿ ಕಲ್ಲು ತುಂಬಲು ನೀನು ನಮ್ಮ ಲಾರಿಯನ್ನು ಇಳಿಜಾರಿನಲ್ಲಿ ಹಿಂದಕ್ಕೆ ತರುತ್ತಿದ್ದೆ. ಅಪ್ಪ ಹಿಂದೆ ನಿಂತು ಕೈ ತೋರಿಸುತ್ತಿದ್ದ. ಸಾಕು, ಹಿಡಿ ಎಂದು ಅವನು ಕೂಗಿದಾಗಲೂ ಲಾರಿ ನಿಲ್ಲಲಿಲ್ಲ. ಒಟ್ಟಿದ್ದ ಫರ್ಸಿಗೂ ಲಾರಿಗೂ ನಡುವೆ ಅವನ ಕಾಲು ಸಿಕ್ಕಿತು. ಕಲಬುರಗಿಯ ದವಾಖಾನೆಯಲ್ಲಿ ಅಪ್ಪ ನೋವಿನಲ್ಲಿ ಒದ್ದಾಡುತ್ತ, "ಬ್ರೇಕ್ ಯಾಕ ಹಿಡೀಲಿಲ್ಲೋ? ಕಣ್ಣ ಎಲ್ಲಿತ್ತು ನಿಂದು?" ಎಂದ. ನೀನು ಗೋಡೆಗೆ ಒರಗಿ ನಿಂತು, "ಹಿಡದಿದ್ದೆ ಅಪ್ಪಾ, ಖರೇನ ಹಿಡದಿದ್ದೆ. ಗಾಡಿ ನಿಲ್ಲಲಿಲ್ಲ" ಎಂದೆ. ಆ ವಾರವೇ ಒಬ್ಬ ಮಿಸ್ತ್ರಿ ಬಂದು ಲಾರಿ ಓಡಿಸಿ ನೋಡಿದ. ಅವನು ಒತ್ತಿದಾಗಲೆಲ್ಲ ಬ್ರೇಕು ಗಕ್ಕನೆ ಹಿಡಿಯಿತು. ಅಲ್ಲಿಗೆ ಜನರ ಬಾಯಿಗೆ ತಡೆಯಿಲ್ಲದಂತಾಯಿತು. ಮೊಬೈಲ್ ನೋಡುತ್ತಿದ್ದ ಎಂದು ಒಬ್ಬ ಅಂದರೆ, ಹೌದು ನಾನೂ ಕೇಳಿದೆ ಎಂದು ಇನ್ನೊಬ್ಬ. ಅಪ್ಪ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಅವನ ಆ ಸುಮ್ಮನಿರುವಿಕೆಯೇ ನಿನ್ನನ್ನು ಮನೆಯಿಂದ ಎಬ್ಬಿಸಿತು ಎಂದು ನನಗೆ ಗೊತ್ತು. ಅವನನ್ನು ದವಾಖಾನೆಯಿಂದ ಮನೆಗೆ ತಂದು ಹಾಸಿಗೆಯ ಮೇಲೆ ಮಲಗಿಸಿ, ಮರುದಿನ ನೀನು ಹೊರಟುಹೋದೆ. ಅವ್ವ ನಿನ್ನ ಮಾತನ್ನು ಒಂದು ದಿನವೂ ಸುಳ್ಳು ಎನ್ನಲಿಲ್ಲ. ಆದರೆ ಖರೆ ಎಂದು ತೋರಿಸಲು ನಮ್ಮ ಯಾರ ಕೈಯಲ್ಲೂ ಏನೂ ಇರಲಿಲ್ಲ.

ನೀನು ಹೋದ ಮೇಲೆ ಲಾರಿ ಮನೆಯ ಮುಂದೆ ನಿಂತೇ ಇತ್ತು. ಅಪ್ಪ ಅದರ ಕಡೆ ಮುಖ ಮಾಡಿ ಕೂರುತ್ತಿರಲಿಲ್ಲ, ಕುರ್ಚಿಯನ್ನು ಹಿತ್ತಲಿಗೆ ಹಾಕಿಸಿಕೊಂಡ. ಕೊನೆಗೆ ಬಂದೇನವಾಜ್, ನಿಂತಲ್ಲೇ ನಿಂತರೆ ಗಾಡಿ ಹಾಳಾಗುತ್ತದೆ ಎಂದು ಅವ್ವನನ್ನು ಒಪ್ಪಿಸಿ ಓಡಿಸತೊಡಗಿದ. ಚಿಂಚೋಳಿಗೆ ಕಲ್ಲು, ಆದಿತ್ಯನಗರದಿಂದ ಸಿಮೆಂಟು, ಸಿಕ್ಕಿದ ಬಾಡಿಗೆ. ಸ್ವಲ್ಪ ದಿನದಲ್ಲೇ ಅವನು ತಲೆ ಕೆರೆದುಕೊಳ್ಳುತ್ತ ಬಂದ. "ಡೀಸೆಲ್ ಹಾಕಿದಂಗ ಇಂಜಿನ್ ಎಣ್ಣಿ ಹಾಕಲಿಕತ್ತೀನಿ ಯವ್ವಾ. ಹೋಗೂದಕ್ಕೊಮ್ಮೆ, ಬರೂದಕ್ಕೊಮ್ಮೆ. ಎಲ್ಲಿಗಿ ಹೋಗ್ತದೋ ಏನೋ" ಎಂದ. ವಾಡಿಯ ಬಂದೇಅಲಿ ಚಾಚಾ, ಅದೇ ನಮ್ಮ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನವರು, ಇಂಜಿನ್ನಿನ ಸದ್ದು ಕೇಳಿ, ಪಿಸ್ಟನ್ನಿನ ರಿಂಗುಗಳು ಸವೆದಿವೆ, ಇಂಜಿನ್ ಬಿಚ್ಚಿ ಬೋರ್ ಮಾಡಿಸದೆ ಬೇರೆ ದಾರಿಯಿಲ್ಲ ಎಂದರು. ಅದಕ್ಕೆ ಬೇಕಾಗುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಆ ಸುದ್ದಿ ಸೇಡಂ ತನಕ ಹೋಗಿ, ಹಳೆ ಲಾರಿ ಕೊಂಡು ಮುರಿದು ಮಾರುವ ದತ್ತು ನಮ್ಮ ಬಾಗಿಲಿಗೆ ಬಂದ. ಲಾರಿಯ ಸುತ್ತ ಒಂದು ಸುತ್ತು ಬಂದು, "ಇದನ್ನ ಗಾಡಿ ಅಂತ ಯಾರೂ ತೊಗೊಳ್ಳಲ್ರಿ ಕಾಕಾ. ಕಬ್ಬಿಣ ಅಂತ ತೊಗೋತೀನಿ" ಎಂದ. ಅಪ್ಪ ಹಿತ್ತಲಿನಿಂದಲೇ, "ಒಯ್ಯಿ. ಕಣ್ಣ ಮುಂದಿಂದ ಒಯ್ಯಿ" ಎಂದು ಕೂಗಿದ.

ಅಣ್ಣಾ, ಕಲ್ಲು ಒಡೆಯುತ್ತಿದ್ದ ಮನುಷ್ಯ ಆ ಲಾರಿ ತಂದ ದಿನ ನಿನ್ನನ್ನು ಸ್ಟೇರಿಂಗ್ ಮುಂದೆ, ನನ್ನನ್ನು ನಿನ್ನ ತೊಡೆಯ ಮೇಲೆ ಕೂರಿಸಿ ಇಡೀ ಓಣಿಗೆ ಪೇಢೆ ಹಂಚಿದ್ದ. ಅದು ಕಬ್ಬಿಣದ ತೂಕಕ್ಕೆ ಹೋಗುವುದನ್ನು ನನ್ನಿಂದ ನೋಡಲಾಗಲಿಲ್ಲ. ದಿನವಿಡೀ ಲಾರಿ ತೂಗುವವಳು ನಾನು. ಆ ಒಂದು ಲಾರಿಯನ್ನು ಹಾಗೆ ತೂಗುವುದಿಲ್ಲ ಎಂದು ಅವ್ವನಿಗೆ ಹೇಳಿದೆ. ಅವ್ವ ನನ್ನ ಮುಖ ನೋಡಿ ದತ್ತುವಿಗೆ, "ಅಮವಾಸ್ಯಿ ಆದ ಮ್ಯಾಲ ಬಾ" ಎಂದು ಹೇಳಿ ಕಳಿಸಿದಳು. ಯಾವ ಅಮವಾಸ್ಯೆ ಎಂದು ಅವನು ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಎಣ್ಣೆ ಎಲ್ಲಿಗೋ ಹೋಗುತ್ತದೆ ಎಂದರೆ ಹೋದ ಜಾಗದಲ್ಲಿ ಅದು ಇರಲೇಬೇಕು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಇಂಜಿನ್ನಿನ ಕೆಳಗೆ ರಟ್ಟು ಹಾಸಿ ಲಾರಿ ನಿಲ್ಲಿಸಿದೆವು. ಬೆಳಿಗ್ಗೆ ನೋಡಿದರೆ ರಟ್ಟಿನ ಮೇಲೆ ಹೇಳಿಕೊಳ್ಳುವಂಥ ಕಲೆಯಿಲ್ಲ. ರೇಡಿಯೇಟರ್ ನೀರಿನ ಮೇಲೂ ಜಿಡ್ಡಿಲ್ಲ. ಹಾಗಾದರೆ ಸುಟ್ಟು ಹೊಗೆಯಾಗಿ ಹೋಗುತ್ತಿರಬೇಕು ಎಂದರು ಚಾಚಾ. ಎಣ್ಣೆ ಸುಡುವ ಲಾರಿಯ ಹೊಗೆ ನನಗೆ ಹೊಸದಲ್ಲ. ಕಾಟಾದಿಂದ ಇಳಿದು ರೇಸ್ ಕೊಟ್ಟ ಕೂಡಲೇ ನೀಲಿ ಹೊಗೆ ನನ್ನ ಕಿಟಕಿಯೊಳಗೇ ನುಗ್ಗುತ್ತದೆ, ಗಂಟಲು ಉರಿಯುತ್ತದೆ. ನಮ್ಮ ಲಾರಿ ಬಂದಾಗ ಕಿಟಕಿ ತೆರೆದಿಟ್ಟುಕೊಂಡು ಕುಳಿತೆ. ಹಳೆ ಲಾರಿಗೆ ಇರುವಷ್ಟು ಕರಿಹೊಗೆ ಇತ್ತು, ನೀಲಿಯ ಸುಳಿವೇ ಇರಲಿಲ್ಲ. ಚಾಚಾನಿಗೆ ಹೋಗಿ ಹೇಳಿದರೆ ಅವರು ಮೀಸೆಯಲ್ಲೇ ನಕ್ಕು, "ಬೇಟಿ, ನೀ ತೂಕ ನೋಡು, ಇಂಜಿನ್ ನನಗ ಬಿಡು" ಎಂದರು. ಬೇಜಾರಾಯಿತು, ಆದರೆ ಬಿಡಲಿಲ್ಲ.

ಒಂದು ದಿನ ಬಂದೇನವಾಜ್ ತುಂಬಿದ ಲಾರಿ ತಂದು ಕಾಟಾ ಮೇಲೆ ನಿಲ್ಲಿಸಿದ. ನಿಂತ ಲಾರಿ ಫುಸ್ ಎಂದು ಹವಾ ಬಿಟ್ಟಿತು. ಎಲ್ಲ ಲಾರಿಗಳೂ ಬಿಡುತ್ತವೆ, ನಾನು ತಲೆ ಎತ್ತಲಿಲ್ಲ. ಅದು ಮುಂದೆ ಹೋದ ಮೇಲೆ ಮುಂದಿನ ಗಾಡಿ ಹತ್ತುವ ಮೊದಲು ಕಾಟಾದ ತಗಡು ಒರೆಸಲು ಹೋದರೆ, ಅಲ್ಲಿ ಒಂದು ಮೊರದಷ್ಟು ಜಾಗದಲ್ಲಿ ಸಣ್ಣ ಸಣ್ಣ ಕರಿ ಹನಿ ಚಿಮ್ಮಿದ್ದವು. ಮುಟ್ಟಿ ನೋಡಿದೆ. ಎಣ್ಣೆ. ಅದೂ ಇಂಜಿನ್ ನಿಂತಿದ್ದ ಜಾಗದಲ್ಲಿ ಅಲ್ಲ, ಹಿಂದೆ, ಹವಾ ಟ್ಯಾಂಕು ಬರುವ ಜಾಗದಲ್ಲಿ. ಬ್ರೇಕಿಗೆ ಗಾಳಿ ತುಂಬಿಡುವ ಆ ಟ್ಯಾಂಕಿನ ಹತ್ತಿರ ಇಂಜಿನ್ ಎಣ್ಣೆಗೆ ಏನು ಕೆಲಸ? ಗಾಡಿಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ನಾನು ಒರೆಸುವ ಬಟ್ಟೆ ಹಿಡಿದು ರಸ್ತೆಯ ತನಕ ಓಡಿ ಬಂದೇನವಾಜನನ್ನು ನಿಲ್ಲಿಸಿದೆ. ಕಾಟಾದ ಮಾಲಕರಿಂದ ಬೈಸಿಕೊಂಡದ್ದು ಬೇರೆ ಕಥೆ.

ಆ ಸಂಜೆಯೇ ಲಾರಿಯನ್ನು ಚಾಚಾನ ಗ್ಯಾರೇಜಿಗೆ ಒಯ್ದೆವು. ನಾನೇ ಗೋಣಿ ಹಾಸಿಕೊಂಡು ಕೆಳಗೆ ತೂರಿ ಟ್ಯಾಂಕಿನ ತಳದ ನಲ್ಲಿ ತಿರುಗಿಸಿದೆ. ಒಂದಿಷ್ಟು ನೀರು ಬರಬೇಕಾದ ಜಾಗದಿಂದ ಗಸಿಯಂಥ ಕರಿ ಎಣ್ಣೆ ಧಾರೆಯಾಗಿ ಬಿತ್ತು, ನನ್ನ ತೋಳು ಕುತ್ತಿಗೆ ಎಲ್ಲ ತೋಯಿತು. ಚಾಚಾ ನಗು ನಿಲ್ಲಿಸಿದರು. ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರಿನ ಪೈಪು ಬಿಚ್ಚಿಸಿ, ತಮ್ಮ ಜೇಬಿನ ಬಿಳಿ ದಸ್ತಿ ಅಡ್ಡ ಹಿಡಿದು, ಇಂಜಿನ್ ಚಾಲೂ ಮಾಡು ಎಂದರು. ನೋಡನೋಡುತ್ತ ದಸ್ತಿ ಕಪ್ಪಾಯಿತು. ಆ ಸಣ್ಣ ಕಂಪ್ರೆಸರಿಗೆ ಇಂಜಿನ್ನಿನಿಂದಲೇ ಎಣ್ಣೆ ಹೋಗುತ್ತದಂತೆ. ಅದರೊಳಗಿನ ರಿಂಗು ಸವೆದು, ಎಣ್ಣೆ ಗಾಳಿಯ ಜೊತೆ ಸೇರಿ ಟ್ಯಾಂಕಿಗೆ, ಅಲ್ಲಿಂದ ಬ್ರೇಕಿನ ಪೈಪುಗಳಿಗೆ ಹೋಗುತ್ತಿತ್ತು. ಹೊಗೆ ಬರುವುದಾದರೂ ಹೇಗೆ? "ಇಂಜಿನ್ ಬಿಚ್ಚಿದ್ರ ಸುಮ್ಮ ಬಿಚ್ಚಿದಂಗ ಆಗ್ತಿತ್ತು ಬೇಟಿ. ನಿನ್ನ ಮಾತು ಮೊದಲೇ ಕೇಳಬೇಕಿತ್ತು" ಎಂದು ಚಾಚಾ ತಾವಾಗಿ ಹೇಳಿದರು. ಆಮೇಲೆ ಅವರ ಮುಖ ಒಂದು ಥರ ಆಯಿತು. "ನಿಮ್ಮಪ್ಪ ಚಂದ್ರಾಮನ ಕರ್ಕೊಂಡು ಬರ್ರಿ. ಬ್ರೇಕಿನ ವಾಲ್ವ್ ಅವನ ಮುಂದೇ ಬಿಚ್ಚತೀನಿ" ಎಂದರು.

ಅಪ್ಪ ಬರಲು ಒಪ್ಪಲಿಲ್ಲ. ಆ ಗಾಡಿಯ ಮಾತೇ ಬೇಡ ಎಂದು ಗೋಡೆಯ ಕಡೆ ತಿರುಗಿದ. ಅವ್ವ ಬೈಯಲಿಲ್ಲ, ಅಳಲಿಲ್ಲ. ಕೋಲು ತಂದು ಅವನ ಕೈಗೆ ಕೊಟ್ಟು, "ಮಾರೂದಾದ್ರ ಮಾರು. ನೋಡದೆ ಮಾರಬ್ಯಾಡ" ಎಂದಳು. ಮರುದಿನ ಬೆಳಿಗ್ಗೆ ಆಟೋದಲ್ಲಿ ಕೂರಿಸಿಕೊಂಡು ಬಂದಳು.

ಚಾಚಾ ಬ್ರೇಕ್ ಪೆಡಲಿನ ಕೆಳಗಿನ ವಾಲ್ವ್ ಬಿಚ್ಚಿ ಒಳಗಿನ ರಬ್ಬರನ್ನು ಹೊರತೆಗೆದರು. ಹೊಸ ರಬ್ಬರ್ ಒಂದನ್ನು ಪಕ್ಕಕ್ಕೆ ಇಟ್ಟರು. ನಮ್ಮದು ನೀರಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಅಪ್ಪ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ಹಿಸುಕಿ ನೋಡಿದ. ಆಮೇಲೆ ಕೇಳಿದ, "ಬಂದೇಅಲಿ, ಕಾಲಿಲೆ ಒತ್ತಿದ್ರೂ ಗಾಡಿ ನಿಲ್ಲದೆ ಇರಬಹುದೇನು?" ಚಾಚಾ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು ನಿಧಾನವಾಗಿ ಹೇಳಿದರು: "ಎಣ್ಣಿ ಕುಡದು ರಬ್ಬರ್ ಉಬ್ಬಿ ಒಳಗ ಸಿಗಬೀಳ್ತದ. ಪೆಡಲ್ ಕೆಳಗ ಹೋಗ್ತದ, ಹವಾ ತಡಾ ಮಾಡಿ ಬರ್ತದ. ಒಮ್ಮೆ ಹಿಡೀತದ, ಒಮ್ಮೆ ಕೈ ಕೊಡ್ತದ. ಅವತ್ತಿನ ಮಿಸ್ತ್ರಿ ಒತ್ತಿದಾಗ ಹಿಡದಿರಬೇಕು." ಆಗ ಅಲ್ಲೇ ನಿಂತಿದ್ದ ಬಂದೇನವಾಜ್ ಬಾಯಿ ಬಿಟ್ಟ. ಕುಂಚಾವರಂ ಕಾಡಿನ ಇಳಿಜಾರಿನಲ್ಲಿ ಅವನಿಗೂ ಒಮ್ಮೆ ಹೀಗೇ ಆಗಿತ್ತಂತೆ. ಎದುರಿಗೆ ಎಮ್ಮೆಗಳ ಹಿಂಡು, ಇವನು ಒತ್ತುತ್ತಾನೆ, ಲಾರಿ ಓಡುತ್ತಲೇ ಇದೆ. ಇನ್ನೇನು ಹೋಯಿತು ಎನ್ನುವಾಗ ಹಿಡಿಯಿತಂತೆ. "ನನ್ನ ಕಾಲೇ ಜಾರೇದ ಅಂದ್ಕೊಂಡು ಯಾರಿಗೂ ಹೇಳಿಲ್ಲ ಕಾಕಾ" ಎಂದ.

ಅಪ್ಪ ಎದ್ದ. ಆ ರಬ್ಬರನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಕೈ ತಳ್ಳಿ, ಒಬ್ಬನೇ ಕೋಲೂರುತ್ತ ಗ್ಯಾರೇಜಿನ ಎದುರಿನ ಮಾಸುಮಬಿಯ ಚಹಾದ ಅಂಗಡಿಗೆ ಹೋದ. ನಿನಗೆ ಗೊತ್ತಲ್ಲ, ಸ್ಟ್ಯಾಂಡಿನ ಡ್ರೈವರುಗಳೆಲ್ಲ ಕೂರುವ ಜಾಗ ಅದು, ಮೊಬೈಲಿನ ಮಾತು ಹುಟ್ಟಿದ್ದೂ ಅಲ್ಲೇ. ಮಾಸುಮಬಿ ಕುರ್ಚಿ ತಂದರೂ ಕೂರಲಿಲ್ಲ. ನಿಂತುಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಅಂದ: "ನೋಡ್ರಿ ಇಲ್ಲಿ. ಇದು ನನ್ನ ಗಾಡಿ ಬ್ರೇಕಿನ ರಬ್ಬರ್. ನನ್ನ ಮಗ ಬ್ರೇಕ್ ಹಿಡದಿದ್ದ. ಹಿಡದಿದ್ದೆ ಅಂತ ನನಗ ಖರೆ ಹೇಳಿದ್ದ, ನಾ ಕೇಳಲಿಲ್ಲ. ಇನ್ನ ಮ್ಯಾಲ ಯಾರರ ಅವನ ಹೆಸರು ತೊಗೊಂಡು ಮಾತಾಡೂದಿದ್ರ ನನ್ನ ಮುಂದ ಬಂದು ಮಾತಾಡ್ರಿ." ಮಾಸುಮಬಿ ಅವನ ತೋಳು ಹಿಡಿದು, "ಕುಂದ್ರು ಭಯ್ಯಾ, ಚಹಾ ಕುಡಿ" ಎಂದಾಗ ಅಪ್ಪ ಕುಳಿತ. ರಬ್ಬರನ್ನು ಜೇಬಿಗಿಟ್ಟು, ಚಹಾ ಬಸಿಗೆ ಸುರಿದುಕೊಳ್ಳುತ್ತಲೇ ಅತ್ತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಂದಿನಿಂದ ಅವನ ಹಟ ನೋಡಬೇಕಿತ್ತು ನೀನು. ದತ್ತು ಮತ್ತೆ ಬಂದಾಗ, ಗಾಡಿ ಮಾರಾಟಕ್ಕಿಲ್ಲ ಎಂದು ಬಾಗಿಲಲ್ಲೇ ಹೇಳಿ ಚಹಾ ಕುಡಿಸಿ ಕಳಿಸಿದ. ದಿನವೂ ಗ್ಯಾರೇಜಿಗೆ ಹೋಗಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಕಂಪ್ರೆಸರನ್ನು ಪೂರ್ತಿ ಬಿಚ್ಚಿ ಹೊಸ ರಿಂಗು, ಹೊಸ ವಾಲ್ವು ಹಾಕಿಸಿದ. ಅದರಿಂದ ಎಣ್ಣೆ ವಾಪಸು ಇಂಜಿನ್ನಿಗೆ ಇಳಿಯುವ ಪೈಪಿನಲ್ಲಿ ಮಸಿ ಕಟ್ಟಿತ್ತು, ಅದನ್ನು ಬದಲಾಯಿಸಿದರು. ಟ್ಯಾಂಕುಗಳನ್ನು ಇಳಿಸಿ ತೊಳೆದು ಒಣಗಿಸಿದರು. ಬ್ರೇಕಿನ ಪೈಪು, ರಬ್ಬರು ಒಂದನ್ನೂ ಹಳೆಯದು ಉಳಿಸಲಿಲ್ಲ. ಇದು ಇನ್ನೂ ನಡೀತದ ಎಂದು ಚಾಚಾ ಯಾವುದನ್ನಾದರೂ ಪಕ್ಕಕ್ಕೆ ಇಟ್ಟರೆ ಅಪ್ಪ, "ನಡಿಯೂದು ಬ್ಯಾಡ, ನಿಲ್ಲೂದು ಬೇಕು. ಹೊಸಾದು ಹಾಕ್ರಿ" ಎನ್ನುತ್ತಿದ್ದ. ನಡುವೆ ಒಂದು ಸಲ ಎಲ್ಲ ಜೋಡಿಸಿ ಓಡಿಸಿದಾಗ ಮತ್ತೆ ಟ್ಯಾಂಕಿನಲ್ಲಿ ಎಣ್ಣೆಯ ಪಸೆ ಕಂಡಿತು. ಖರ್ಚೆಲ್ಲ ನೀರಲ್ಲಿ ಹೋಯಿತು ಎಂದುಕೊಂಡೆ. ಅಪ್ಪ ಮಾತ್ರ ಕದಲಲಿಲ್ಲ, "ಬಿಚ್ಚು, ಮತ್ತ ನೋಡು" ಎಂದ. ಕಂಪ್ರೆಸರಿಗೆ ಗಾಳಿ ಎಳೆಯುವ ದಾರಿಯೇ ದೂಳು ತುಂಬಿ ಕಟ್ಟಿತ್ತು. ಗಾಳಿ ಸಿಗದೆ ಅದು ಎಣ್ಣೆಯನ್ನೇ ಎಳೆಯುತ್ತಿತ್ತು. ನಮ್ಮ ಸಿಮೆಂಟಿನ ಊರುಗಳ ದೂಳು ನಿನಗೆ ಹೇಳಬೇಕೇ? ಅದನ್ನೂ ಸರಿಮಾಡಿದರು. ಆಮೇಲೆ ಸೇಡಂಗೆ, ಚಿಂಚೋಳಿಗೆ ಹೋಗಿ ಬಂದರೂ ಇಂಜಿನ್ನಿನ ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗೀಟಿನ ಹತ್ತಿರವೇ ನಿಂತಿದೆ. ಬ್ರೇಕು ಒತ್ತಿದಲ್ಲಿ ನಿಲ್ಲುತ್ತದೆ.

ಇಷ್ಟು ನಿನಗೆ ಹೇಳಬೇಕಿತ್ತು ಅಣ್ಣಾ. ಅಪ್ಪನ ಕಾಲು ಮೊದಲಿನ ಹಾಗೆ ಆಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದನ್ನು ನಿನ್ನ ಹೆಗಲ ಮೇಲೆ ಹೊತ್ತು ತಿರುಗಬೇಡ. ಅದು ನಿನ್ನ ಹೊರೆಯಲ್ಲ. ಊರಿನಲ್ಲಿ ತಲೆ ತಗ್ಗಿಸುವ ಕಾರಣವೂ ಈಗಿಲ್ಲ. ನೀನು ಬರುತ್ತೀಯೋ ಇಲ್ಲವೋ ಎಂದು ಕೇಳುತ್ತಿಲ್ಲ, ಯಾವಾಗ ಬರುತ್ತೀಯ ಎಂದು ಕೇಳುತ್ತಿದ್ದೇನೆ. ಉತ್ತರ ಬರೆಯುವುದು ಬೇಡ, ನಿನ್ನ ಅಕ್ಷರ ನನಗೆ ಓದಲಿಕ್ಕೂ ಬರುವುದಿಲ್ಲ.

ಅವ್ವ ನಿನ್ನ ತಲೆ ಸವರಿದ್ದೇನೆ ಎಂದು ಬರೆ ಅಂದಳು, ಬರೆದಿದ್ದೇನೆ. ಬಂದೇಅಲಿ ಚಾಚಾ, ಮಾಸುಮಬಿ ಇಬ್ಬರೂ ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಲುಂಬಿನಿ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಈ ಕಾಗದವನ್ನು ನಾಳೆ ಪೋಸ್ಟಿಗೆ ಹಾಕಬೇಕೆಂದಿದ್ದೆ. ಬಂದೇನವಾಜ್‌ಗೆ ಈಗ ಸೊಲ್ಲಾಪುರದ ಬಾಡಿಗೆ ಸಿಕ್ಕಿದೆ, ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವನ ಕೈಯಲ್ಲೇ ಕೊಡುತ್ತೇನೆ. ದೂರದ ದಾರಿಯಲ್ಲಿ ಲಾರಿ ಎಣ್ಣೆ ಕುಡಿಯುತ್ತದೋ ಇಲ್ಲವೋ ನಾನೇ ಕಣ್ಣಾರೆ ನೋಡಬೇಕು ಎಂದು ಅಪ್ಪನೂ ಹೊರಟಿದ್ದಾನೆ. ನಾವು ಮೂವರೂ ಸೇರಿ ಎತ್ತಿ ಕ್ಯಾಬಿನ್ನಿಗೆ ಹತ್ತಿಸಿದ್ದೇವೆ. ನಿನ್ನ ಹೆಸರು ಬಾಯಲ್ಲಿ ತರಲಿಲ್ಲ, ಆದರೆ ಗಡ್ಡ ಮಾಡಿಸಿಕೊಂಡಿದ್ದಾನೆ, ಒಗೆದ ಅಂಗಿ ಹಾಕಿದ್ದಾನೆ. ನೀನು ಇದನ್ನು ಓದುವಾಗ ಲಾರಿ ನಿಮ್ಮ ಗೇಟಿನ ಹೊರಗೆ ನಿಂತಿರುತ್ತದೆ. ಅವನಿಗೆ ಒಬ್ಬನೇ ಕೆಳಗೆ ಇಳಿಯಲು ಬರುವುದಿಲ್ಲ. ಹೋಗಿ ಇಳಿಸಿಕೋ.